ಬಾಡಿಗೆ ಕಟ್ಟಡಕ್ಕೆ ಫೈರ್ ಅಲಾರಂ

ಕೇಳುಗರಿಗೆ ನಮಸ್ಕಾರ.

ಬಾಡಿಗೆಗೆ ಕೊಟ್ಟ ಕಟ್ಟಡದಲ್ಲಿ ಫೈರ್ ಅಲಾರಂ ಬೆಂಕಿಯಿಲ್ಲದೆಯೂ ಮೇಲಿಂದ ಮೇಲೆ ಕೂಗತೊಡಗಿದರೆ, ಒಂದು ದಿನ ಯಾರಾದರೂ ರೋಸಿಹೋಗಿ ಅದನ್ನು ಬಂದ್ ಮಾಡಿಬಿಡುತ್ತಾರೆ. ಆಮೇಲೆ ಅದು ಇದ್ದೂ ಇಲ್ಲದಂತೆ. ಹಾಗಾಗಿ ಅಲಾರಂ ನಿಯಂತ್ರಿಸುವ ಪೆಟ್ಟಿಗೆ, ಅಂದರೆ ಪ್ಯಾನಲ್, ಯಾವ ಕಂಪನಿಯದು ಎಂದು ವಿಚಾರಿಸುವ ಮೊದಲು ಯಾವ ಕೋಣೆಗೆ ಬೆಂಕಿ ಪತ್ತೆಹಚ್ಚುವ ಯಾವ ಡಿಟೆಕ್ಟರ್ ಎಂಬುದನ್ನು ಗೊತ್ತುಮಾಡಿಕೊಳ್ಳಿ.

ಕಾರಿಡಾರ್, ಕಚೇರಿ, ಮಲಗುವ ಕೋಣೆಗೆ ಸ್ಮೋಕ್ ಡಿಟೆಕ್ಟರ್. ಅಡುಗೆಮನೆಗೆ ಅದು ಸಲ್ಲದು. ಸುಮಾರು 57 ಡಿಗ್ರಿ ಸೆಲ್ಸಿಯಸ್‌ಗೆ ಕೆಲಸ ಮಾಡುವ ಹೀಟ್ ಡಿಟೆಕ್ಟರ್ ಬೇಕು. ಬಚ್ಚಲುಮನೆಯ ಬಾಗಿಲೆದುರು ಸ್ಮೋಕ್ ಡಿಟೆಕ್ಟರ್ ಕೂರಿಸಿದರೆ ಬಿಸಿನೀರಿನ ಆವಿಗೂ ಕೂಗುತ್ತದೆ. ಏಸಿ ಗಾಳಿ ಹೊಗೆಯನ್ನು ಅತ್ತ ತಳ್ಳಿಬಿಡುವುದರಿಂದ ಅದು ಬೀಸುವ ಬಾಯಿಂದ ಕನಿಷ್ಠ 1 ಮೀಟರ್ ದೂರವಿಡಿ. ಸಮತಟ್ಟು ಸೀಲಿಂಗ್ ಇದ್ದಲ್ಲಿ, ಕೋಣೆಯ ಯಾವ ಮೂಲೆಯೂ ಸ್ಮೋಕ್ ಡಿಟೆಕ್ಟರ್‌ನಿಂದ 7.5 ಮೀಟರ್‌ಗಿಂತ, ಹೀಟ್ ಡಿಟೆಕ್ಟರ್‌ನಿಂದ 5.3 ಮೀಟರ್‌ಗಿಂತ ದೂರವಿರಬಾರದು ಎಂಬುದು ಬಳಕೆಯಲ್ಲಿರುವ ಒಂದು ಲೆಕ್ಕ. ನಿಮ್ಮಲ್ಲಿನ ನಿಯಮ ಇನ್ನೂ ಬಿಗಿಯಾಗಿದ್ದರೆ ಅದೇ ಅಂತಿಮ. ಬಾಡಿಗೆದಾರರು ಸೀಲಿಂಗ್ ಮುಟ್ಟುವ ಪಾರ್ಟಿಷನ್ ಎಬ್ಬಿಸಿದರೆ ಈ ಲೆಕ್ಕವೆಲ್ಲ ಬುಡಮೇಲು, ಒಂದು ಬದಿಗೆ ಡಿಟೆಕ್ಟರೇ ಇರುವುದಿಲ್ಲ. ನಮಗೆ ತಿಳಿಸದೆ ಗೋಡೆ ಎಬ್ಬಿಸಬಾರದು ಎಂದು ಕರಾರಿನಲ್ಲೇ ಬರೆಸಿ.

ಸಣ್ಣ ಕಟ್ಟಡಕ್ಕೆ ಕನ್ವೆನ್ಷನಲ್ ಪ್ಯಾನಲ್ ಸಾಕು. ಅದು ಯಾವ ಝೋನ್, ಅಂದರೆ ಕಟ್ಟಡದ ಯಾವ ಭಾಗ, ಎಂದಷ್ಟೇ ತೋರಿಸುತ್ತದೆ. ಬೀಗ ಹಾಕಿಹೋಗುವ ಹತ್ತಾರು ಮಳಿಗೆಗಳಿದ್ದರೆ, ಇಂಥದೇ ಡಿಟೆಕ್ಟರ್ ಎಂದು ಹೇಳುವ ಅಡ್ರೆಸಬಲ್ ಪ್ಯಾನಲ್‌ಗೆ ಹೆಚ್ಚು ಹಣ ಕೊಡುವುದೇ ಸರಿ.

ಇನ್ನು ವೈರಿಂಗ್. ಕನ್ವೆನ್ಷನಲ್ ಝೋನ್‌ನ ಕಟ್ಟಕಡೆಯ ಡಿಟೆಕ್ಟರ್‌ನಲ್ಲಿ ಎಂಡ್ ಆಫ್ ಲೈನ್ ರೆಸಿಸ್ಟರ್ ಎಂಬ ಪುಟ್ಟ ಬಿಡಿಭಾಗ ಇರಬೇಕು. ಪ್ಯಾನಲ್ ಅದರ ಮೂಲಕ ಸದಾ ಸಣ್ಣ ಕರೆಂಟ್ ಹರಿಸುತ್ತಿರುತ್ತದೆ; ವೈರು ಎಲ್ಲಿ ತುಂಡಾದರೂ ಕರೆಂಟ್ ನಿಂತು ಫಾಲ್ಟ್ ದೀಪ ಹತ್ತುತ್ತದೆ. ಫಾಲ್ಟ್ ಹುಡುಕುವ ಗೋಜು ಬೇಡವೆಂದು ಕೆಲವರು ರೆಸಿಸ್ಟರನ್ನು ಪ್ಯಾನಲ್‌ನೊಳಗೇ ಸಿಕ್ಕಿಸಿಬಿಡುತ್ತಾರೆ. ಆಗ ಇಡೀ ಲೈನ್ ಕಿತ್ತುಹೋದರೂ ಪ್ಯಾನಲ್ ಎಲ್ಲ ಸರಿ ಎಂದೇ ತೋರಿಸುತ್ತದೆ. ಇದು ಮೋಸವಲ್ಲದೆ ಮತ್ತೇನಲ್ಲ. ಕೆಲಸ ಒಪ್ಪಿಸಿಕೊಳ್ಳುವ ದಿನ ಪ್ರತಿ ಝೋನ್‌ನ ಕೊನೆಯ ಡಿಟೆಕ್ಟರನ್ನು ನಿಮ್ಮೆದುರೇ ಬೇಸ್‌ನಿಂದ ತಿರುಗಿಸಿ ಬಿಚ್ಚಿಸಿ. ಫಾಲ್ಟ್ ಬರದಿದ್ದರೆ ಬಿಲ್ ಪಾವತಿಸಬೇಡಿ.

ಬ್ಯಾಟರಿಯ ಲೆಕ್ಕವನ್ನೂ ಕಾಗದದ ಮೇಲೆ ಕೇಳಿ. ಕರೆಂಟ್ ಹೋದಾಗ 24 ಗಂಟೆ ಕಾವಲು, ಆಮೇಲೆ ಅರ್ಧ ಗಂಟೆ ಕೂಗು ಎಂದಿಟ್ಟುಕೊಳ್ಳಿ. ಕಾವಲಿಗೆ 0.2 ಆಂಪಿಯರ್ ಬೇಕಾದರೆ 24 ಗಂಟೆಗೆ 4.8 ಆಂಪಿಯರ್-ಅವರ್, ಕೂಗಿಗೆ 1 ಆಂಪಿಯರ್ ಆದರೆ ಅರ್ಧ ಗಂಟೆಗೆ 0.5, ಒಟ್ಟು 5.3. ಬ್ಯಾಟರಿ ಹಳತಾಗುತ್ತ ಸೊರಗುವುದರಿಂದ ಕಾಲುಭಾಗ ಸೇರಿಸಿದರೆ ಸುಮಾರು 6.6. ಅಂದರೆ 24 ವೋಲ್ಟ್ ಪ್ಯಾನಲ್‌ಗೆ 7 ಆಂಪಿಯರ್-ಅವರ್‌ನ ಎರಡು 12 ವೋಲ್ಟ್ ಬ್ಯಾಟರಿ. ಸರಣಿಯಲ್ಲಿ ಜೋಡಿಸಿದಾಗ ಹೆಚ್ಚುವುದು ವೋಲ್ಟೇಜ್ ಮಾತ್ರ, 7 ಎಂಬುದು 14 ಆಗುವುದಿಲ್ಲ.

ಕೊನೆಯದಾಗಿ ಹೂಟರ್, ಅಂದರೆ ಕೂಗುವ ಸೈರನ್. ಸಾಮಾನ್ಯ ಜಾಗದಲ್ಲಿ 65 ಡೆಸಿಬೆಲ್, ಜನ ಮಲಗುವಲ್ಲಿ ದಿಂಬಿನ ಬಳಿ 75 ಡೆಸಿಬೆಲ್ ಕೇಳಬೇಕು. ಮುಚ್ಚಿದ ಬಾಗಿಲು ಒಂದೇ 20 ಡೆಸಿಬೆಲ್ ನುಂಗಬಲ್ಲದು. ಹಾಗಾಗಿ ಕಾರಿಡಾರ್‌ನಲ್ಲಿ ನಿಂತು ಅಳೆದರೆ ಪ್ರಯೋಜನವಿಲ್ಲ. ಕೋಣೆಯೊಳಗೆ ಹೋಗಿ, ಬಾಗಿಲು ಮುಚ್ಚಿ, ದಿಂಬಿನ ಪಕ್ಕದಲ್ಲೇ ಮೀಟರ್ ಹಿಡಿಸಿ. ನಮಸ್ಕಾರ.