ಕಣ್ಣು ಯಾರ ಮಾತು ಕೇಳುತ್ತದೆ?

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಕೆಲಸ ಮಾಡೋಣ. ನಿಮ್ಮ ಕೈಯಲ್ಲಿರುವ ಆಮಂತ್ರಣ ಪತ್ರಿಕೆಯನ್ನು ಮುಖದ ಮುಂದೆ ಹಿಡಿದು, ಎಡಕ್ಕೂ ಬಲಕ್ಕೂ ಬೇಗ ಬೇಗ ಅಲ್ಲಾಡಿಸಿ. ಅಕ್ಷರಗಳು ಕಲಸಿಹೋಗುತ್ತವೆ. ಈಗ ಪತ್ರಿಕೆಯನ್ನು ಅಲುಗದಂತೆ ಹಿಡಿದು, ಅಷ್ಟೇ ಬೇಗ ತಲೆಯನ್ನು 'ಊಹೂಂ' ಅನ್ನುವ ಹಾಗೆ ಆಡಿಸಿ. ಆರಾಮಾಗಿ ಓದಬಹುದು, ಅಲ್ವಾ?

ಪತ್ರಿಕೆ ಆಡಿದಾಗ ಕಣ್ಣು ಅದನ್ನು ನೋಡಿ ನೋಡಿ ಹಿಂಬಾಲಿಸಬೇಕು. ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಪತ್ರಿಕೆ ಮುಂದೆ ಹೋಗಿರುತ್ತದೆ. ತಲೆ ಆಡಿದಾಗ ಸುದ್ದಿ ಕೊಡುವುದು ಒಳಗಿವಿ. ಅಲ್ಲಿಂದ ಮಿದುಳಿನ ಬುಡಕ್ಕೆ, ಅಲ್ಲಿಂದ ಕಣ್ಣಿನ ಸ್ನಾಯುಗಳಿಗೆ. ನಡುವೆ ಮೂರೇ ನರಕೋಶಗಳ ಸರಪಳಿ. ಸುಮಾರು 10 ಮಿಲಿಸೆಕೆಂಡಿನಲ್ಲಿ ಕಣ್ಣು ತಲೆಯ ವಿರುದ್ಧ ದಿಕ್ಕಿಗೆ ತಿರುಗಿಬಿಡುತ್ತದೆ. ಇದಕ್ಕೆ ನಮ್ಮ ಅಪ್ಪಣೆಯೇ ಬೇಕಿಲ್ಲ.

ಇನ್ನೊಂದು ಚಲನೆ ಇದೆ, ನೆಗೆತ. ವಿಜ್ಞಾನದಲ್ಲಿ ಅದನ್ನು 'ಸಕಾಡ್' ಅನ್ನುತ್ತಾರೆ. ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿದರೆ ಅದರ ಅಗಲ ಎಷ್ಟು ಕಾಣುತ್ತದೋ, ನಮಗೆ ತುಂಬಾ ಸ್ಪಷ್ಟವಾಗಿ ಕಾಣುವ ಜಾಗ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ನೆಗೆಯುತ್ತಲೇ ಇರುತ್ತದೆ. ಮನೆಗೆ ಹೋಗಿ ಕನ್ನಡಿಯಲ್ಲಿ ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ನೋಟ ಹಾಯಿಸಿ. ನಿಮ್ಮ ಕಣ್ಣು ಚಲಿಸುವುದು ನಿಮಗೆ ಕಾಣುವುದೇ ಇಲ್ಲ! ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ. ನೆಗೆಯುವ ಆ ಕ್ಷಣದ ನೋಟವನ್ನು ಮಿದುಳು ಮಸುಕು ಮಾಡಿಬಿಡುತ್ತದೆ.

ಈ ನೆಗೆತಕ್ಕೆ ಮುಖ್ಯವಾಗಿ ಇಬ್ಬರು ಯಜಮಾನರು. ನಡುಮಿದುಳಿನಲ್ಲಿರುವ ಸುಪೀರಿಯರ್ ಕಾಲಿಕ್ಯುಲಸ್, ಪಕ್ಕದಲ್ಲಿ ಏನಾದರೂ ಮಿನುಗಿದರೆ ಸಾಕು, ಕಣ್ಣನ್ನು ಅತ್ತ ಎಳೆಯುತ್ತದೆ. ಹಣೆಯ ಕಡೆಯ ಮಿದುಳಿನಲ್ಲಿರುವ ಫ್ರಂಟಲ್ ಐ ಫೀಲ್ಡ್, ನಾವು ಬೇಕೆಂದು ನೋಡುವ ಕಡೆಗೆ ಕಳಿಸುತ್ತದೆ. ಇವೆರಡರ ನಡುವೆ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗ ಬ್ರೇಕ್ ಒತ್ತಿ ಹಿಡಿದು ಕೂತಿರುತ್ತದೆ. ಬೇಕಾದಾಗ ಮಾತ್ರ ಸಡಿಲಿಸುತ್ತದೆ.

ನನಗೆ ಬಹಳ ಇಷ್ಟವಾದ ಪ್ರಯೋಗವೊಂದು ಈ ಬ್ರೇಕನ್ನೇ ಪರೀಕ್ಷಿಸುತ್ತದೆ. 1978ರಲ್ಲಿ ಪೀಟರ್ ಹ್ಯಾಲೆಟ್ ಎಂಬ ವಿಜ್ಞಾನಿ ಇದನ್ನು ವರದಿ ಮಾಡಿದರು. ಬೆಳಕು ಬಲಕ್ಕೆ ಬಂದರೆ ಎಡಕ್ಕೆ ನೋಡಬೇಕು, ಎಡಕ್ಕೆ ಬಂದರೆ ಬಲಕ್ಕೆ. ಸುಲಭ ಅನ್ನಿಸುತ್ತದೆ. ಆದರೆ ಆರೋಗ್ಯವಂತರೂ ಆಗಾಗ ತಪ್ಪುತ್ತಾರೆ. ಚಿಕ್ಕ ಮಕ್ಕಳು ಇನ್ನೂ ಜಾಸ್ತಿ ತಪ್ಪುತ್ತಾರೆ, ಏಕೆಂದರೆ ಹಣೆಯ ಕಡೆಯ ಮಿದುಳು ಬಲಿಯುವುದು ನಿಧಾನ. ಆ ಭಾಗಕ್ಕೆ ಪೆಟ್ಟು ಬಿದ್ದವರಿಗೆ ನಿಯಮ ಚೆನ್ನಾಗಿ ಗೊತ್ತಿರಬಹುದು, ಬಾಯಲ್ಲಿ ಹೇಳಲೂಬಹುದು. ಆದರೂ ಕಣ್ಣು ಬೆಳಕಿನ ಕಡೆಗೇ ಓಡುತ್ತದೆ. ಗೊತ್ತಿರುವುದು ಬೇರೆ, ತಡೆಯುವುದು ಬೇರೆ.

ಇದಕ್ಕೆ ತದ್ವಿರುದ್ಧವಾದ ಸಂಕಟವೂ ಇದೆ. ವೈದ್ಯರು ಪಿಎಸ್‌ಪಿ (ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ) ಎಂದು ಕರೆಯುವ ಮಿದುಳಿನ ಒಂದು ಕಾಯಿಲೆಯಲ್ಲಿ, ವಯಸ್ಸಾದವರಿಗೆ ಬೇಕೆಂದರೂ ಕೆಳಗೆ ನೋಡಲು ಆಗುವುದಿಲ್ಲ. ಮೆಟ್ಟಿಲು ಇಳಿಯುವಾಗ ಎಡವುತ್ತಾರೆ. ತಟ್ಟೆಯಲ್ಲಿರುವ ಅನ್ನ ಸರಿಯಾಗಿ ಕಾಣದೆ ಅಂಗಿಯ ಮೇಲೆ ಚೆಲ್ಲಿಕೊಳ್ಳುತ್ತಾರೆ. ಮನೆಯವರು "ನೋಡ್ಕೊಂಡು ಊಟ ಮಾಡಬಾರದಾ?" ಅಂತ ಬೈಯುವುದುಂಟು. ಪಾಪ, ನೋಡಲು ಆದರೆ ತಾನೆ?

ವೈದ್ಯರು ಆಗ ಏನು ಮಾಡುತ್ತಾರೆ ಗೊತ್ತಾ? "ಎದುರಿಗಿರುವುದನ್ನೇ ನೋಡ್ತಾ ಇರಿ" ಎಂದು ಹೇಳಿ, ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂದಕ್ಕೆ ಬಾಗಿಸುತ್ತಾರೆ. ಇಳಿಯದಿದ್ದ ಕಣ್ಣುಗುಡ್ಡೆ ಸಲೀಸಾಗಿ ಕೆಳಗಿಳಿಯುತ್ತದೆ! ಸ್ನಾಯು ಸರಿಯಿದೆ, ನರ ಸರಿಯಿದೆ. ಕೆಟ್ಟಿರುವುದು ಮೇಲಿನ ಅಪ್ಪಣೆಯ ದಾರಿ. ನೀವು ಈಗ ಆಮಂತ್ರಣ ಪತ್ರಿಕೆ ಓದಿದಿರಲ್ಲ, ಒಳಗಿವಿಯ ಆ ದಾರಿ ಇನ್ನೂ ತೆರೆದೇ ಇದೆ.

ಅಂಥವರು ನಿಮ್ಮ ಮನೆಯಲ್ಲಿದ್ದರೆ, ಊಟದ ತಟ್ಟೆಯನ್ನು ಸ್ವಲ್ಪ ಎತ್ತರಕ್ಕೆ, ಅವರ ನೋಟ ತಲುಪುವ ಕಡೆ ಇಡಿ.