ಕಾಂಗ್‌ನ ಕೂದಲಲ್ಲಿ ಬೆರಳಿನ ಗುರುತು

ಕೇಳುಗರಿಗೆ ನಮಸ್ಕಾರ.

ಭೂಗೋಳದ ನೆತ್ತಿಯ ಮೇಲೆ ಒಂದು ರೇಡಿಯೋ ಗೋಪುರ. ನಾನು ಇವತ್ತು ಮಾತಾಡಬೇಕೆಂದಿರುವ ಸಿನಿಮಾ ಶುರುವಾಗುವುದು ಈ ಚಿತ್ರದಿಂದ. ಅದು ಸಿನಿಮಾ ತಯಾರಿಸಿದ ಕಂಪನಿಯ ಗುರುತು. ಆರ್‌ಕೆಓ ರೇಡಿಯೋ ಪಿಕ್ಚರ್ಸ್ ಅಂತ ಹೆಸರು, ಅದರ ಹುಟ್ಟಿನ ಹಿಂದೆ ಇದ್ದದ್ದೂ ಒಂದು ರೇಡಿಯೋ ಕಂಪನಿಯೇ. ಹಾಗಾಗಿ ಕಿಂಗ್ ಕಾಂಗ್ ಬಗ್ಗೆ ಬಾನುಲಿಯಲ್ಲಿ ಮಾತಾಡುವ ಹಕ್ಕು ನನಗೆ ಸ್ವಲ್ಪ ಜಾಸ್ತಿಯೇ ಇದೆ ಅಂದುಕೊಂಡಿದ್ದೇನೆ.

1933ರ ಮಾರ್ಚ್ 2. ನ್ಯೂಯಾರ್ಕಿನಲ್ಲಿ ಸಿನಿಮಾ ಬಿಡುಗಡೆ ಆಯಿತು. ಅಮೆರಿಕದಲ್ಲಿ ಆಗ ಕೆಲಸ ಇಲ್ಲ, ಕೈಯಲ್ಲಿ ದುಡ್ಡಿಲ್ಲ. ಅದೇ ವಾರದಲ್ಲಿ ಹೊಸ ಅಧ್ಯಕ್ಷ ರೂಸ್‌ವೆಲ್ಟ್ ದೇಶದ ಬ್ಯಾಂಕುಗಳಿಗೆಲ್ಲ ಬಾಗಿಲು ಹಾಕಿಸಿದರು. ಅಂಥ ಹೊತ್ತಿನಲ್ಲೂ ಜನ ಸಾಲು ನಿಂತು ಟಿಕೆಟ್ ತಗೊಂಡರು. ಯಾಕೆ ಅಂದರೆ, ತೆರೆಯ ಮೇಲೆ ಮೊದಲು ಕಾಣುವುದು ರಾಕ್ಷಸನಲ್ಲ, ಹಸಿವು. ಆ್ಯನ್ ಎಂಬ ಹುಡುಗಿ ಬೀದಿ ಅಂಗಡಿಯ ಸೇಬಿನ ಕಡೆ ಕೈ ಚಾಚುತ್ತಾಳೆ. ಅಂಗಡಿಯವನು ಆ ಕೈ ಹಿಡಿದುಕೊಂಡು ಕೂಗಾಡುತ್ತಾನೆ. ಅಲ್ಲೇ ಇದ್ದ ಸಿನಿಮಾ ನಿರ್ದೇಶಕನೊಬ್ಬ ದುಡ್ಡು ಕೊಟ್ಟು ಬಿಡಿಸುತ್ತಾನೆ. ಅಲ್ಲಿಂದ ಹಡಗು, ಹಡಗಿನಿಂದ ದ್ವೀಪ, ದ್ವೀಪದಲ್ಲಿ ದೊಡ್ಡ ಗೋಡೆ, ಗೋಡೆಯ ಆಚೆ ಕಾಂಗ್ ಎಂಬ ದೈತ್ಯ ಗೊರಿಲ್ಲಾ. ಮುಂದಿನದು ನಿಮಗೆ ಗೊತ್ತೇ ಇದೆ.

ಹೋದ ಬೇಸಿಗೆ ರಜೆಯಲ್ಲಿ ಅಕ್ಕನ ಮಗನಿಗೆ ಈ ಸಿನಿಮಾ ತೋರಿಸಿದೆ. ಹನ್ನೆರಡು ವರ್ಷದ ಹುಡುಗ. ಕಾಂಗ್ ಬರುವುದಕ್ಕೇ ಮುಕ್ಕಾಲು ಗಂಟೆ ಬೇಕು, ಅಷ್ಟರಲ್ಲಿ ಅವನು ಮೂರು ಸಲ ಎದ್ದು ಹೋಗಿ ಬಂದ. ಕಾಂಗ್ ಬಂದಾಗ ನಕ್ಕುಬಿಟ್ಟ. "ಮಾವ, ಇದು ಗೊಂಬೆ ಅಂತ ಕಾಣ್ತಾ ಇದೆ!"

ಕಾಣುತ್ತದೆ. ಅದು ಗೊಂಬೆಯೇ. ಎತ್ತರ ಹೆಚ್ಚುಕಡಿಮೆ ಒಂದೂವರೆ ಅಡಿ. ಒಳಗೆ ಕೀಲುಕೀಲಾಗಿ ಬಾಗುವ ಲೋಹದ ಅಸ್ಥಿಪಂಜರ, ಅದರ ಮೇಲೆ ರಬ್ಬರು ಮತ್ತು ಹತ್ತಿಯ ಮಾಂಸಖಂಡ, ಎಲ್ಲಕ್ಕೂ ಮೇಲೆ ಮೊಲದ ತುಪ್ಪಳ. ಮಾಡಿದವನು ಮಾರ್ಸೆಲ್ ಡೆಲ್ಗಾಡೊ. ಅದಕ್ಕೆ ಜೀವ ಕೊಟ್ಟವನು ವಿಲ್ಲಿಸ್ ಓಬ್ರಿಯನ್. ಗೊಂಬೆಯ ಕೈ ಒಂದು ಕೂದಲೆಳೆಯಷ್ಟು ಸರಿಸು, ಒಂದು ಫ್ರೇಮ್, ಅಂದರೆ ಒಂದು ಸ್ಥಿರ ಚಿತ್ರ, ಹೊಡೆ. ಮತ್ತೆ ಸರಿಸು, ಮತ್ತೆ ಹೊಡೆ. ಒಂದು ಸೆಕೆಂಡಿಗೆ 24 ಫ್ರೇಮ್. ಒಂದು ನಿಮಿಷಕ್ಕೆ 1,440. ಒಮ್ಮೆ ಹೀಗೆ ದಿನವಿಡೀ ಚಿತ್ರೀಕರಿಸುತ್ತಿದ್ದಾಗ ಸೆಟ್ಟಿನ ಕಾಡಿನಲ್ಲಿದ್ದ ನಿಜವಾದ ಗಿಡವೊಂದು ಮೆಲ್ಲಗೆ ಹೂ ಬಿಟ್ಟಿತಂತೆ. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತೆರೆಯ ಮೇಲೆ ಹಾಕಿ ನೋಡಿದರೆ, ಕಾಂಗ್ ಕೈಕಾಲು ಆಡಿಸುವಷ್ಟರಲ್ಲಿ ಪಕ್ಕದಲ್ಲಿ ಹೂವು ಪಟಕ್ಕನೆ ಅರಳುತ್ತಿದೆ! ಒಂದು ದಿನದ ಕೆಲಸ ನೀರಿಗೆ ಹೋಯಿತು.

ಇನ್ನೊಂದು ತಪ್ಪು ಮಾತ್ರ ಹಾಗೇ ಉಳಿಯಿತು. ಪ್ರತಿ ಫ್ರೇಮಿಗೂ ಗೊಂಬೆಯನ್ನು ಮುಟ್ಟಲೇಬೇಕಲ್ಲ? ಮುಟ್ಟಿದಾಗೆಲ್ಲ ಬೆರಳು ತಾಕಿ ತುಪ್ಪಳ ಆ ಕಡೆ ಈ ಕಡೆ ಒರಗುತ್ತದೆ. ಸಿನಿಮಾ ಓಡಿಸಿದರೆ ಕಾಂಗ್‌ನ ಮೈಕೂದಲು ಗಾಳಿಗೆ ಸಿಕ್ಕ ರಾಗಿ ಹೊಲದ ಹಾಗೆ ಅಲೆಯುತ್ತಿರುತ್ತದೆ. ಕೆಲಸದವರಿಗೆ ಇದು ಎಡವಟ್ಟು. ಆದರೆ ನೋಡಿದವರು, ಸಿಟ್ಟು ಬಂದಾಗ ಕಾಂಗ್‌ನ ಕೂದಲು ಹೇಗೆ ನಿಮಿರುತ್ತದೆ ನೋಡಿ ಅಂತ ಮೆಚ್ಚಿಕೊಂಡರಂತೆ. ಈ ಸಿನಿಮಾ ಇನ್ನೂ ಯಾಕೆ ಹಳತಾಗಿಲ್ಲ ಅಂತ ನನ್ನನ್ನು ಕೇಳಿದರೆ, ನಾನು ತೋರಿಸುವುದು ಆ ಕೂದಲನ್ನೇ. ಒಬ್ಬ ಮನುಷ್ಯ ಗಂಟೆಗಟ್ಟಲೆ ಪಕ್ಕದಲ್ಲಿ ನಿಂತು ಮುಟ್ಟಿದ ಗುರುತು ಅದು. ನಾವು ನೋಡುತ್ತಿರುವುದು ಗೊಂಬೆಯನ್ನು ಮಾತ್ರ ಅಲ್ಲ, ಆ ಕೈಯನ್ನೂ ನೋಡುತ್ತಿದ್ದೇವೆ.

ಧ್ವನಿಯ ಕಥೆಯೂ ಹೀಗೇ. ಮರ್ರಿ ಸ್ಪಿವಾಕ್ ಎಂಬಾತ ಸಿಂಹ ಮತ್ತು ಹುಲಿಯ ಗರ್ಜನೆ ಹಿಡಿದು ತಂದು, ವೇಗ ತಗ್ಗಿಸಿ, ಹಿಂದುಮುಂದಾಗಿ ಓಡಿಸಿ, ಒಂದರ ಮೇಲೊಂದು ಕೂಡಿಸಿದ. ಅದೇ ಕಾಂಗ್‌ನ ಕೂಗು. ಸುಮ್ನೆ ಕಣ್ಣು ಮುಚ್ಚಿ ಕೇಳಿ ಒಂದು ಸಲ. ಮ್ಯಾಕ್ಸ್ ಸ್ಟೈನರ್ ಸಂಗೀತದ ಬಗ್ಗೆ ಹೇಳಲು ಹೊರಟರೆ ಇನ್ನೊಂದು ಭಾಷಣವೇ ಬೇಕು.

ನಮ್ಮ ಹುಡುಗನ ನಗು ನಿಂತದ್ದು ಎಲ್ಲಿ, ಹೇಳುತ್ತೇನೆ. ಕಾಂಗ್ ಮತ್ತು ದೈತ್ಯ ಡೈನೋಸಾರ್ ಕಾದಾಡುತ್ತವೆ. ಕಾಂಗ್ ಅದರ ದವಡೆ ಸೀಳಿ ಕೊಲ್ಲುತ್ತಾನೆ. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ದೃಶ್ಯ ಮುಗಿಸಿ, ಎದೆ ಬಡಿದುಕೊಳ್ಳುವುದನ್ನು ತೋರಿಸುತ್ತಿದ್ದರು. ಇಲ್ಲಿ ಕಾಂಗ್ ಮೊದಲು ಬಗ್ಗುತ್ತಾನೆ. ಸತ್ತ ಪ್ರಾಣಿಯ ಸಡಿಲ ದವಡೆಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸುತ್ತಾನೆ. ನಿಜವಾಗಿ ಸತ್ತಿದೆಯಾ? ಮುರಿದ ಆಟಿಕೆಯನ್ನು ಮಗು ತಿರುಗಿಸಿ ನೋಡುತ್ತದಲ್ಲ, ಹಾಗೆ. ಆಮೇಲೆ ಎದೆ ಬಡಿದುಕೊಳ್ಳುತ್ತಾನೆ. ಹುಡುಗ ಏನೂ ಹೇಳಲಿಲ್ಲ. ಅದನ್ನು ಹಿಂದಕ್ಕೆ ಓಡಿಸಿ ಇನ್ನೊಂದು ಸಲ ನೋಡಿದ.

ಎಲ್ಲವೂ ಹೀಗೆ ಸೊಗಸಾಗಿಲ್ಲ, ಅದನ್ನೂ ಹೇಳಬೇಕು. ದ್ವೀಪದ ಜನರನ್ನು ತೋರಿಸಿದ ರೀತಿ ಇವತ್ತು ನೋಡಿದರೆ ಕಸಿವಿಸಿಯಾಗುತ್ತದೆ. ಬಿಳಿಯರು ಮನುಷ್ಯರು, ಉಳಿದವರು ಕುಣಿಯುವ ಗುಂಪು ಎಂಬ ಕಾಲದ ಸಿನಿಮಾ ಇದು. ಆ್ಯನ್ ಪಾತ್ರದ ಫೇ ರೇ ಅವರಿಗೂ ಕಿರುಚುವುದು ಬಿಟ್ಟರೆ ಹೆಚ್ಚು ಕೆಲಸ ಕೊಟ್ಟಿಲ್ಲ. ಆದರೂ ಎಷ್ಟು ಚೆನ್ನಾಗಿ ಕಿರುಚುತ್ತಾರೆ ಅಂದರೆ! 2004ರಲ್ಲಿ ಅವರು ತೀರಿಕೊಂಡಾಗ ಎಂಪೈರ್ ಸ್ಟೇಟ್ ಕಟ್ಟಡದ ದೀಪಗಳನ್ನು 15 ನಿಮಿಷ ತಗ್ಗಿಸಿದ್ದರು.

ಸಿನಿಮಾ ಬಂದಾಗ ಆ ಕಟ್ಟಡಕ್ಕೆ ಇನ್ನೂ ಎರಡು ವರ್ಷ. 102 ಅಂತಸ್ತು, ಆಗ ಜಗತ್ತಿನಲ್ಲೇ ಎತ್ತರ. ದ್ವೀಪದಿಂದ ನ್ಯೂಯಾರ್ಕಿಗೆ ಹಿಡಿದು ತಂದ ಕಾಂಗ್ ತಪ್ಪಿಸಿಕೊಂಡು ಅದರ ತುದಿ ಏರುತ್ತಾನೆ. ವಿಮಾನಗಳು ಸುತ್ತುತ್ತವೆ. ಒಂದು ವಿಮಾನದಲ್ಲಿ ಕೂತಿರುವವರು ಈ ಚಿತ್ರದ ನಿರ್ದೇಶಕರೇ, ಮೆರಿಯನ್ ಕೂಪರ್ ಮತ್ತು ಅರ್ನೆಸ್ಟ್ ಶೋಡ್‌ಸ್ಯಾಕ್. ಕೂಪರ್ ಮೊದಲ ಮಹಾಯುದ್ಧದಲ್ಲಿ ನಿಜವಾಗಿಯೂ ವಿಮಾನ ಹಾರಿಸಿದ್ದವರು. ಸಾಕಿದವರೇ ಕೊಲ್ಲಲಿ ಎಂಬ ಲೆಕ್ಕ ಇದ್ದಿರಬೇಕು. ಗುಂಡು ತಾಗಿದ ಜಾಗವನ್ನು ಕಾಂಗ್ ಮುಟ್ಟಿಕೊಳ್ಳುತ್ತಾನೆ. ಬೆರಳನ್ನು ಕಣ್ಣ ಮುಂದೆ ತಂದು ನೋಡುತ್ತಾನೆ. ಇದೇನಿದು ಅಂತ ಅವನಿಗೆ ಗೊತ್ತಾಗುತ್ತಿಲ್ಲ. ಆ್ಯನ್‌ಳನ್ನು ಎತ್ತಿಕೊಂಡು, ಮತ್ತೆ ಮೆಲ್ಲಗೆ ಕೆಳಗಿಡುತ್ತಾನೆ. ಆಮೇಲೆ ಕೈ ಜಾರುತ್ತದೆ.

1952ರಲ್ಲಿ ಈ ಸಿನಿಮಾ ಮತ್ತೆ ತೆರೆಗೆ ಬಂದು ಚೆನ್ನಾಗಿ ಓಡಿತು. ಎರಡು ವರ್ಷ ಕಳೆದು ಜಪಾನಿನಲ್ಲಿ ಗಾಡ್ಜಿಲಾ ಬಂದ. ಕಾಂಗ್‌ನನ್ನು ನೋಡಿ ಮನಸೋತಿದ್ದ, ಆ ಸಿನಿಮಾದ ಟ್ರಿಕ್ ದೃಶ್ಯಗಳನ್ನು ಮಾಡಿದ ಎಯ್ಜಿ ತ್ಸುಬುರಾಯಾ ಅವರಿಗೆ ಗೊಂಬೆಯನ್ನು ಫ್ರೇಮ್ ಫ್ರೇಮಾಗಿ ಸರಿಸುವಷ್ಟು ಸಮಯ ಇರಲಿಲ್ಲ. ಮನುಷ್ಯನಿಗೆ ರಬ್ಬರ್ ವೇಷ ತೊಡಿಸಿದರು.

ಕಾಂಗ್ ಗೊಂಬೆಗಳ ರಬ್ಬರು ವರ್ಷಗಳಲ್ಲಿ ಕೊಳೆತು ಪುಡಿಯಾಯಿತು. ತುಪ್ಪಳವೂ ಉದುರಿತು. 2009ರಲ್ಲಿ ಲಂಡನ್ನಿನ ಹರಾಜಿಗೆ ಒಂದು ಬಂತು, ಬರೀ ಲೋಹದ ಅಸ್ಥಿಪಂಜರ. ಒಂದು ಲಕ್ಷ ಪೌಂಡಿಗಿಂತ ಜಾಸ್ತಿ ಕೊಟ್ಟು ಯಾರೋ ಕೊಂಡರು. ಅದರ ಫೋಟೋವನ್ನು ನಮ್ಮ ಹುಡುಗನಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿದ. ಆಮೇಲೆ ಕೇಳಿದ, "ಕೂದಲು ಎಲ್ಲಿ ಹೋಯ್ತು ಮಾವ?"

ನಮಸ್ಕಾರ.