ಮಂಗಳವಾರದ ಸೈಕಲ್ಲು

ಎಲ್ಲರಿಗೂ ನಮಸ್ಕಾರ. ಜೂನ್ 3 ವಿಶ್ವ ಸೈಕಲ್ ದಿನ ಅಂತ ವಿಶ್ವಸಂಸ್ಥೆ 2018ರಲ್ಲಿ ಘೋಷಿಸ್ತು. ಆಗಿನಿಂದ ಈ ದಿನ ಬಂತು ಅಂದ್ರೆ ಜಾಥಾ, ಟೀ ಶರ್ಟು, ಬಾಳೆಹಣ್ಣು, ಫೋಟೊ. ಜಾಥಾ ಮುಗಿದ ಮೇಲೆ ಕೆಲವರು ಸೈಕಲ್ಲನ್ನ ಕಾರಿನ ಬೆನ್ನಿಗೆ ಕಟ್ಕೊಂಡು ಮನೆಗೆ ಹೋಗ್ತಾರೆ. ನಗ್ತಿರೋರು ಯಾರು ಯಾರು ಅಂತ ಇಲ್ಲಿಂದ ಕಾಣುತ್ತೆ.

ನಮ್ಮ ತುಮಕೂರಲ್ಲಿ ಸೈಕಲ್ ಉಳಿದಿದೆಯಾ ಅಂತ ತಿಳಿಬೇಕಾದ್ರೆ ಭಾನುವಾರ ದೇವರಾಯನದುರ್ಗದ ರಸ್ತೇಲಿ ಹೆಲ್ಮೆಟ್ ಎಣಿಸಿ ಪ್ರಯೋಜನ ಇಲ್ಲ. ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಟೌನ್‌ಹಾಲ್ ಸರ್ಕಲ್ಲಲ್ಲಿ ನಿಂತ್ಕೊಳ್ಳಿ. ಮಂಗಳವಾರ ಯಾಕೆ ಅಂದ್ರೆ, ಅವತ್ತು ಯಾರೂ ಶುಭಕಾರ್ಯ ಇಟ್ಕೊಳ್ಳಲ್ಲ, ರಜಾ ಹಾಕಲ್ಲ, ಹೊಸದು ಏನೂ ಶುರು ಮಾಡಲ್ಲ. ಕೆಲಸ ಇದ್ದೋರಷ್ಟೇ ರಸ್ತೆಗೆ ಬರೋದು. ಸೊಪ್ಪು ಮಾರೋರು, ಎಳನೀರಿನವರು, ಗಾರೆ ಕೆಲಸದವರು, ರಾತ್ರಿಪಾಳಿ ಮುಗಿಸಿದ ವಾಚ್‌ಮನ್‌ಗಳು, ಹೈಸ್ಕೂಲ್ ಮಕ್ಕಳು. ಸೈಕಲ್ ಅಂದ್ರೆ ನನಗೆ ಇವರೇ. ಮೈಗಂಟೋ ಲೈಕ್ರಾ ಬಟ್ಟೆ ತೊಟ್ಟ ಭಾನುವಾರದವರ ಮೇಲೆ ಕೋಪ ಇಲ್ಲ, ಅವರಿಂದ ಒಂದು ಕೆಲಸ ಆಗಬೇಕಿದೆ, ಕೊನೇಲಿ ಹೇಳ್ತೀನಿ.

ನಮ್ಮೂರಿನ ಅಳತೆ ನೋಡಿ. ಕ್ಯಾತ್ಸಂದ್ರದಿಂದ ಗುಬ್ಬಿ ಗೇಟಿನವರೆಗೆ ಹತ್ತು ಕಿಲೋಮೀಟರ್ ಇಲ್ಲ. ಗಂಟೆಗೆ 15 ಕಿ.ಮೀ. ಅಂದ್ರೆ ಸೈಕಲ್ಲಿಗೆ ಬೆವರೂ ಬರದ ವೇಗ. ಆ ವೇಗಕ್ಕೆ 4 ಕಿ.ಮೀ. ದೂರದ ಆಫೀಸು 16 ನಿಮಿಷ. ಹೀಗಿದ್ದೂ ಅಮಾನಿಕೆರೆ ಸುತ್ತ ನಡೆಯೋಕೆ ಸ್ಕೂಟರ್‌ನಲ್ಲಿ ಬರ್ತೀವಿ, ಆ ಮಾತು ಬಿಡಿ.

ಹಾಗಾದ್ರೆ ಸೈಕಲ್ ಯಾಕೆ ನಿಂತು ಹೋಗುತ್ತೆ? ಕೇಳಿದ್ರೆ ಟ್ರಾಫಿಕ್ ಅಂತಾರೆ, ಬಿಸಿಲು ಅಂತಾರೆ. ನಾನು ಗಾಳಿ ಅಂತೀನಿ. ಟೈರಿನೊಳಗಿನ ಗಾಳಿ.

ಪಂಚರ್ ಅಂಗಡಿಗಳಲ್ಲಿ ಪದೇ ಪದೇ ನಡೆಯೋ ಪ್ರಸಂಗ ಒಂದಿದೆ, ಸ್ವಲ್ಪ ಉದ್ದ, ತಾಳ್ಕೊಳ್ಳಿ. ಎಂಟನೇ ಕ್ಲಾಸಿನ ಹುಡುಗ ಸೋಮವಾರ ಪಂಚರ್ ಹಾಕಿಸ್ತಾನೆ. ಬುಧವಾರ ಮತ್ತೆ ಪಂಚರ್. ಶುಕ್ರವಾರ ಮತ್ತೆ. ಅವರಪ್ಪ "ಟ್ಯೂಬೇ ಸರಿಯಿಲ್ಲ" ಅಂತ ಹೊಸ ಟ್ಯೂಬ್ ಹಾಕಿಸ್ತಾರೆ. ಶನಿವಾರ ಹೊಸ ಟ್ಯೂಬೂ ಚಪ್ಪಟೆ! ಆಮೇಲೆ ಸೈಕಲ್ ಹಿತ್ತಿಲಿಗೆ, ಹುಡುಗ ಆಟೊಗೆ. ಟ್ಯೂಬಿನದ್ದು ತಪ್ಪೇನೂ ಇರಲಿಲ್ಲ. ಬಳ್ಳಾರಿ ಜಾಲಿಯ ಮುಳ್ಳು ಟೈರಿಗೆ ಚುಚ್ಚಿ, ಹೊರಗಿನ ತುದಿ ಸವೆದು, ಒಳಗೆ ಅಕ್ಕಿಕಾಳಿನ ಅರ್ಧದಷ್ಟು ಉಳ್ಕೊಂಡಿತ್ತು. ಗಾಳಿ ತುಂಬಿದಾಗಲೆಲ್ಲ ಅದು ಟ್ಯೂಬಿಗೆ ನಾಟ್ತಿತ್ತು. ಯಾರೂ ಟೈರಿನ ಒಳಗೆ ಕೈ ಆಡಿಸಿ ನೋಡಲಿಲ್ಲ, ಅಷ್ಟೇ.

ನೋಡೋದು ಹೀಗೆ. ಟ್ಯೂಬ್ ತೆಗೆಯುವಾಗ ಗಾಳಿ ತುಂಬೋ ವಾಲ್ ಇರೋ ಜಾಗಕ್ಕೆ ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ನೀರಲ್ಲಿ ಮುಳುಗಿಸಿ ತೂತು ಕಂಡ ಮೇಲೆ ಟ್ಯೂಬನ್ನ ಅದೇ ಗುರುತಿಗೆ ಸರಿಯಾಗಿ ಟೈರಿನ ಮೇಲೆ ಇಟ್ರೆ, ತೂತಿನ ನೇರಕ್ಕೇ ಮುಳ್ಳು ಸಿಗುತ್ತೆ. ಬೆರಳು ಬೇಡ, ಚುಚ್ಕೊಳ್ತೀರ. ಹಳೇ ಬಟ್ಟೆ ಆಡಿಸಿ, ಸಿಕ್ಕಿಹಾಕ್ಕೊಳ್ಳೋ ಜಾಗವೇ ಮುಳ್ಳಿನ ಜಾಗ. ತೂತೇ ಕಥೆ ಹೇಳುತ್ತೆ. ಅಕ್ಕಪಕ್ಕ ಎರಡು ತೂತು, ಹಾವು ಕಚ್ಚಿದ ಹಾಗಿದ್ರೆ, ಗಾಳಿ ಕಮ್ಮಿ ಇದ್ದು ಗುಂಡಿಗೆ ಇಳಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಜಜ್ಜಿದೆ. ತೂತು ರಿಮ್ಮಿನ ಕಡೆ ಇದ್ರೆ, ರಿಮ್ಮಿಗೆ ಸುತ್ತಿರೋ ಪಟ್ಟಿ ಸರಿದು ಚಕ್ರದ ಕಡ್ಡಿಯ ತಲೆ ಚುಚ್ಚಿದೆ. ಅಲ್ಲಿ ಎಷ್ಟು ಪ್ಯಾಚ್ ಹಾಕಿದ್ರೂ ವ್ಯರ್ಥ, ಪಟ್ಟಿ ಬದಲಾಯಿಸಿ. ಪ್ಯಾಚ್ ಹಾಕುವಾಗ ಅರದಲ್ಲಿ ಉಜ್ಜಿ, ಸಲ್ಯೂಷನ್ ಅಂಟನ್ನ ತೆಳ್ಳಗೆ ಹಚ್ಚಿ, ಐದು ನಿಮಿಷ ಸುಮ್ಮನಿರಿ. ಅರ್ಧ ಪ್ಯಾಚ್‌ಗಳು ಬಿಟ್ಕೊಳ್ಳೋದು ಈ ಐದು ನಿಮಿಷ ಕಾಯದೆ ಹಸಿಯಲ್ಲೇ ಒತ್ತೋದರಿಂದ.

ಇನ್ನೊಂದು ಮೋಸ ಇದೆ. ರಾತ್ರಿ ಗಾಳಿ ತುಂಬಿರುತ್ತೆ, ಬೆಳಿಗ್ಗೆ ಇಲ್ಲ. ಪಕ್ಕದ ಮನೆ ಹುಡುಗನ ಮೇಲೆ ಅನುಮಾನ! ಹಳೇ ಮಾದರಿ ಸೈಕಲ್ಲಿನ ವಾಲಿನೊಳಗೆ ಒಂದು ಸಣ್ಣ ರಬ್ಬರ್ ಕೊಳವೆ ಇರುತ್ತೆ, ವಾಲ್‌ಟ್ಯೂಬ್. ಬಿಸಿಲಿಗೆ ಅದು ಬಿರುಕು ಬಿಡುತ್ತೆ. ವಾಲಿನ ತುದಿಗೆ ಎಂಜಲು ಹಚ್ಚಿ ನೋಡಿ, ಗುಳ್ಳೆ ಎದ್ರೆ ಅದೇ ಕಳ್ಳ. ಅಂಗಡೀಲಿ ಪುಡಿಗಾಸಿಗೆ ಸಿಗೋ ವಸ್ತು, ಅದು ಗೊತ್ತಿಲ್ಲದೆ ಜನ ಟ್ಯೂಬ್ ಬದಲಾಯಿಸ್ತಾರೆ. ಈ ವಾಲಿಗೆ ಪೆಟ್ರೋಲ್ ಬಂಕಿನ ಗಾಳಿ ಪೈಪು ಕೂರಲ್ಲ. ಕೂರೋ ವಾಲ್ ಇದ್ದೋರೂ ಹುಷಾರು. ಸೈಕಲ್ ಟ್ಯೂಬಿನ ಹೊಟ್ಟೆ ಚಿಕ್ಕದು, ಕಂಪ್ರೆಸರ್ ಗಾಳಿಗೆ ಕಣ್ಣು ಮಿಟುಕಿಸೋದರೊಳಗೆ ಢಂ.

1888ರಲ್ಲಿ ಡನ್ಲಪ್ ಅನ್ನೋ ಪಶುವೈದ್ಯ ಬೆಲ್‌ಫಾಸ್ಟಿನಲ್ಲಿ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ಟೈರು ಮಾಡಿ ಪೇಟೆಂಟ್ ಪಡೆದ. ಪಶುವೈದ್ಯರು ರಬ್ಬರಿನ ಕೆಲಸ ಮಾಡಿದ್ರು, ರಬ್ಬರಿನ ಕೆಲಸದವರು ಇವತ್ತು ಐದು ನಿಮಿಷ ಕಾಯಲ್ಲ.

ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರು ಮಾಡ್ತು. ಒಳ್ಳೇ ಯೋಜನೆ. ಹಳ್ಳಿಗಳಿಂದ ಹೆಣ್ಣುಮಕ್ಕಳು ಗುಂಪುಗುಂಪಾಗಿ ಹೈಸ್ಕೂಲಿಗೆ ಬಂದಿದ್ದನ್ನ ನೀವೆಲ್ಲ ನೋಡಿದ್ದೀರ. ಆದ್ರೆ ಸೈಕಲ್ ಬಂತು, ರಿಪೇರಿ ಕಲಿಸೋರು ಬರಲಿಲ್ಲ. ಸ್ಪ್ಯಾನರ್ ಹಿಡಿಯೋದನ್ನ ಒಂದು ಪೀರಿಯಡ್ ಹೇಳಿಕೊಟ್ಟಿದ್ರೆ ಎಷ್ಟೋ ಸೈಕಲ್‌ಗಳು ಗುಜರಿಗೆ ಹೋಗ್ತಿರಲಿಲ್ಲ. ಮಂಗಳವಾರದ ಸೈಕಲ್ಲಿಗೆ ಬೇಕಾಗಿರೋದು ಮೆಕ್ಯಾನಿಕ್. ಬೆಂಡ್ ತೆಗೆಯೋಕೆ ಬಲ್ಲ ಹಿರಿಯರ ಅಂಗಡಿಗಳು ಒಂದೊಂದಾಗಿ ಬೈಕ್ ಸರ್ವಿಸ್ ಸೆಂಟರ್ ಆಗ್ತಿವೆ. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಂತೂ ಹೋಯ್ತು; ಅದರ ಜೊತೆ ಒಳಪೆಡಲ್ ಹೊಡೆದು ಮಂಡಿ ತರಚ್ಕೊಳ್ಳೋ ವಿದ್ಯೆಯೂ ಹೋಯ್ತು.

ಎಳನೀರಿನವರ ಸೈಕಲ್ ಹತ್ತಿರದಿಂದ ನೋಡಿದ್ದೀರಾ? ಹಳೇ ಸೈಕಲ್ಲಿನ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಭಾರವೆಲ್ಲ ಕ್ಯಾರಿಯರ್ ಮೇಲೆ ಅಂತ ಆ ಲೆಕ್ಕ. ಒಂದು ಕಡ್ಡಿ ಮುರಿದಾಗ ಪಕ್ಕದ ಕಡ್ಡಿಗಳ ಮೇಲೆ ಎಳೆತ ಹೆಚ್ಚಾಗುತ್ತೆ, ಚಕ್ರ ಓಲಾಡುತ್ತೆ, ಬ್ರೇಕ್ ಒಂದು ಕಡೆ ಉಜ್ಜುತ್ತೆ. ಅವತ್ತೇ ಹಾಕಿಸದಿದ್ರೆ ವಾರದೊಳಗೆ ಇನ್ನೆರಡು ಹೋಗುತ್ತೆ. ಪೆನ್ಸಿಲ್‌ನಲ್ಲಿ ಕಡ್ಡಿಗಳ ಮೇಲೆ ಮೀಟ್ಕೊಂಡು ಬನ್ನಿ. ಸಡಿಲ ಕಡ್ಡಿ ಮಂಕು ಸದ್ದು ಮಾಡುತ್ತೆ, ಕೆಟ್ಟ ತಂಬೂರಿ ಹಾಗೆ.

ಚೀಟಿ ಬಂತು. ಐದು ನಿಮಿಷ ಅಂತ ಬರೆದಿದ್ದಾರೆ. ಟ್ರ್ಯಾಕ್ ವಿಷಯ ಹೇಳಲೇಬೇಕು.

2016ರಲ್ಲಿ ನಮ್ಮೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಎಲ್ಲರಿಗೂ ಸೈಕಲ್ ಟ್ರ್ಯಾಕಿನ ಆಸೆ. ರಸ್ತೆಗಳ ಅಳತೆ ಗೊತ್ತು ಮಾಡೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆ ಹೇಳೋ ಕನಿಷ್ಠ ಅಗಲ 2 ಮೀಟರ್. ಅದಕ್ಕಿಂತ ಕಿರಿದಾದ್ರೆ ಹಿಂದಿನವರು ಮುಂದಿನವರನ್ನ ದಾಟೋಕಾಗಲ್ಲ. ಎರಡೂ ಕಡೆ ಹಾಲಿನ ಕ್ಯಾನ್ ಕಟ್ಟಿದ ಸೈಕಲ್ಲೇ ಒಂದು ಮೀಟರ್ ಹತ್ತಿರ ಆಗುತ್ತೆ, ಟ್ರ್ಯಾಕಿನ ಅಂಚಿಗೆ ಕಂಬ ನೆಡುವಾಗ ಆ ಸೈಕಲ್ ತಂದು ಅಳೀರಿ. ಚರಂಡಿ ಮೇಲಿನ ಕಬ್ಬಿಣದ ಜಾಲರಿಯ ಸರಳುಗಳು ಓಡಾಟಕ್ಕೆ ಅಡ್ಡಡ್ಡ ಇರಬೇಕು. ಉದ್ದುದ್ದ ಹಾಕಿದ್ರೆ ಚಕ್ರ ಇಳಿಯುತ್ತೆ, ಮುಂಗೈ ಮುರಿಯುತ್ತೆ. ಅಡ್ಡರಸ್ತೆ ಬಂದಲ್ಲೆಲ್ಲ ಅರ್ಧ ಅಡಿ ಎತ್ತರದ ಅಂಚುಕಲ್ಲು ಹತ್ತಿ ಇಳಿಯೋಕೆ ಇಳಿಜಾರು ಬೇಕು, ಇಲ್ಲದಿದ್ರೆ ಎಳನೀರಿನವರು ಟ್ರ್ಯಾಕ್ ಹತ್ತೋದೇ ಇಲ್ಲ, ಅಲ್ಲಿ ಕಾರು ನಿಲ್ಲುತ್ತೆ. ರಸ್ತೆ ಅಂಚು ಗುಡಿಸದಿದ್ರೆ ಮುಳ್ಳೂ ಗಾಜೂ ಅಲ್ಲೇ ಸೇರುತ್ತೆ. ಮತ್ತೆ ಆ ಹುಡುಗನ ಕಥೆಗೇ ಬಂದ್ವಿ.

ಮೈಸೂರಿನ ಟ್ರಿಣ್ ಟ್ರಿಣ್ ಅನ್ನೋ ಸಾರ್ವಜನಿಕ ಸೈಕಲ್ ಯೋಜನೆ 2017ರಲ್ಲಿ 450 ಸೈಕಲ್ಲಿನಿಂದ ಶುರುವಾಯ್ತು, ಅದರ ಬಗ್ಗೆ ನಾಲ್ಕು ಪುಟ ಬರ್ಕೊಂಡು ಬಂದಿದ್ದೆ, ಬಿಡ್ತೀನಿ. ಸೀಟು ಎತ್ತರ: ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ರೆ ಕಾಲು ನೆಟ್ಟಗಾಗಬೇಕು. ಚೈನ್: 12 ಇಂಚಿಗೆ ಎಂಟನೇ ಒಂದು ಇಂಚು ಎಳೆದಿದ್ರೆ ಬದಲಾಯಿಸಿ, ಹಾಗೇ ಬಿಟ್ರೆ ಹಿಂದಿನ ಚಕ್ರದ ಫ್ರೀವೀಲಿನ ಹಲ್ಲೂ ಸವೆಯುತ್ತೆ. ಎಣ್ಣೆ ಹಾಕಿದ ಮೇಲೆ ಬಟ್ಟೇಲಿ ಒರೆಸಿ, ಹೊರಗೆ ಉಳಿದ ಎಣ್ಣೆಗೆ ನಮ್ಮೂರ ಧೂಳು ಮೆತ್ತಿ ಅರದ ಹಾಗೆ ತಿನ್ನುತ್ತೆ. ಸ್ಟೀಲ್ ರಿಮ್ ಮಳೇಲಿ ನೆನೆದ್ರೆ ಬ್ರೇಕ್ ಹಿಡಿಯಲ್ಲ, ಮುಂಚೆಯೇ ಒತ್ತಿ ನೀರು ಒರೆಸ್ಕೊಳ್ಳಿ.

ಭಾನುವಾರದವರಿಗೆ ಹೇಳ್ತೀನಿ ಅಂದಿದ್ದು: ನಿಮ್ಮ ಬ್ಯಾಗಿನಲ್ಲಿ ಪಂಪು, ಪ್ಯಾಚು ಎಲ್ಲ ಇರುತ್ತೆ. ತಿಂಗಳಿಗೊಂದು ಮಂಗಳವಾರ, ಶಾಲೆ ಬಿಡೋ ಹೊತ್ತಿಗೆ, ಗೇಟಿನ ಹತ್ರ ಅರ್ಧ ಗಂಟೆ ನಿಲ್ಲಿ. ಒಂದು ಬಕೆಟ್ ನೀರು ಸ್ಕೂಲಿನವರೇ ಕೊಡ್ತಾರೆ.

ಇವತ್ತಿಗೆ ಪಂಪು ಹೊರಗಡೆ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಇಟ್ಟಿದ್ದೀನಿ, ವಾಲ್‌ಟ್ಯೂಬೂ ಒಂದು ಡಬ್ಬೀಲಿದೆ. ಪಂಪಿನ ತಲೆ ಸ್ವಲ್ಪ ಸಡಿಲ, ಕೈಯಲ್ಲಿ ಗಟ್ಟಿಯಾಗಿ ಒತ್ತಿ ಹಿಡ್ಕೊಂಡು ಹೊಡೀರಿ.